ಧಾಟಿ ಇಲ್ಲದ ಮದುವೆ

ಸೊಸೆಯಾಗಿ ಈ ಊರಿಗೆ ಬಂದಾಗ ನನ್ನ ಬಳಿ ಒಂದು ಟ್ರಂಕು ಸೀರೆಗಳೂ ಬಾಯಿತುಂಬ ಹಾಡುಗಳೂ ಇದ್ದವು. ಸೀರೆಗಳು ಬಹಳ ಕಾಲ ಬಂದವು. ಹಾಡುಗಳು ಒಂದು ವರ್ಷದೊಳಗೆ ಮುಗಿದುಹೋದವು. ನಮ್ಮೂರಿನಲ್ಲಿ ಒಂದು ಧಾಟಿ ಒಮ್ಮೆ ಗಾಳಿಗೆ ಬಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಎರಡನೆಯ ಸಲ ಹಾಡಲು ಹೋದರೆ ಮಾತು ಬರುತ್ತದೆ, ಉಸಿರು ಬರುತ್ತದೆ, ಆ ಧಾಟಿ ಮಾತ್ರ ಬರುವುದಿಲ್ಲ. ಓಲಗ ಊದಿದರೆ ಬರೀ ಗಾಳಿ. ರೇಡಿಯೊ ಹಾಕಿದರೆ, ಯಾರೋ ಯಾವಾಗಲೋ ಕೇಳಿ ಮುಗಿಸಿದ ಹಾಡಿನ ತಬಲಾ ಮಾತ್ರ ಒಂಟಿಯಾಗಿ ಟಕಟಕ ಎನ್ನುತ್ತಿರುತ್ತದೆ.

ಮದುವೆಗೆ ಮುಂಚೆಯೇ ನನಗೆ ಇದನ್ನು ಹೇಳಿದ್ದರು. ಆದರೂ ಕಾಲೇಜು ಮುಗಿಸಿ ಬಂದ ಹುಡುಗಿ, ಬಟ್ಟೆ ಹರವುವಾಗ ಒಂದು, ದೋಸೆ ಹುಯ್ಯುವಾಗ ಒಂದು, ಹೀಗೆ ಧಾರಾಳವಾಗಿ ಹಾಡಿಬಿಟ್ಟೆ. ಅತ್ತೆ ಬೈಯಬಹುದಿತ್ತು. ಬೈಯಲಿಲ್ಲ. ನಾನು ಶುರುಮಾಡಿದರೆ ಸಾಕು, ಅವರೆಕಾಯಿಯ ಮೊರ ತಂದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಕಾಯಿ ಬಿಡಿಸುವ ಸದ್ದೂ ಆಗದ ಹಾಗೆ ಬಿಡಿಸುತ್ತಿದ್ದರು. ಕೊನೆಯ ಹಾಡು ಮುಗಿದದ್ದು ನನಗಿಂತ ಮೊದಲು ಅವರಿಗೇ ತಿಳಿಯಿತು. "ಇರ್ಲಿ ಬಿಡೆ ಕುಮುದ, ಒಳಗೇ ಇಟ್ಕೊಂಡು ಏನ್ ಮಾಡ್ತಿದ್ದೆ? ನಾನಾದ್ರೂ ಕೇಳಿದ್ದಾಯ್ತಲ್ಲ" ಎಂದು ನನ್ನ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟು ಒಳಗೆ ಹೋದರು.

ಊರು ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡಿತ್ತು. ಇಲ್ಲಿಯ ತಾಯಂದಿರು ಜೋಗುಳದ ಬದಲು ನೆಂಟರ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳುತ್ತಾ ಮಗುವನ್ನು ಮಲಗಿಸುತ್ತಾರೆ. ಹಾಗಾಗಿ ನಮ್ಮೂರಿನ ಮಕ್ಕಳಿಗೆ ಮಾವನ ಷಡ್ಡಕನ ತಂಗಿಯ ಹೆಸರೂ ಗೊತ್ತಿರುತ್ತದೆ. ದೇವಸ್ಥಾನದಲ್ಲಿ ಭಜನೆಯನ್ನು ಮಾತಿನಂತೆ ಹೇಳಿ ತಾಳ ತಟ್ಟುತ್ತಾರೆ. ಡೋಲಿಗೆ, ತಾಳಕ್ಕೆ ಈ ಕಟ್ಟಳೆ ಇಲ್ಲ. ಒಂದೇ ಸ್ವರವನ್ನು ಎಷ್ಟು ಹೊತ್ತು ಎಳೆದರೂ ಅದಕ್ಕೂ ಇಲ್ಲ. ಖರ್ಚಾಗುವುದು ಧಾಟಿ ಮಾತ್ರ. ಹೊರಗಿನ ಊರಿನವರು ಮದುವೆಗೆ ಬಂದಾಗ ಒಮ್ಮೊಮ್ಮೆ ಹಾಡು ಮುಗಿದೊಡನೆ "ಇನ್ನೊಂದು ಸಲ!" ಎಂದು ಕೂಗಿಬಿಡುತ್ತಾರೆ. ಆಗ ನಾವೆಲ್ಲ ನೆಲ ನೋಡುತ್ತೇವೆ. ಪಾತ್ರೆ ತೊಳೆದಿಟ್ಟ ಮೇಲೆ ಯಾರೋ ಇನ್ನಷ್ಟು ಪಾಯಸ ಕೇಳಿದ ಹಾಗಿರುತ್ತದೆ ಅದು. ಆ ಮಾತನ್ನು ನಮ್ಮೂರಿನವರು ಯಾರೂ ಆಡುವುದಿಲ್ಲ.

ಮದುವೆಗೆ ಮಾತ್ರ ಧಾಟಿ ಬೇಕೇ ಬೇಕು. ಯಾರೂ ಕೇಳಿರದ ಧಾಟಿಯೊಂದು ಮಂಟಪದಲ್ಲಿ ನುಡಿಯಬೇಕು. ಓಲಗದ ಯಜಮಾನ ಕೈ ಎತ್ತಿ "ಗಟ್ಟಿಮೇಳ!" ಎಂದರೆ ಮಾತ್ರ ತಾಳಿ ಕಟ್ಟುವುದು. ಅದಕ್ಕೆಂದೇ ಮನೆಮನೆಯಲ್ಲೂ ಹೆಣ್ಣುಮಗಳಿಗೊಂದರಂತೆ ಧಾಟಿಯನ್ನು ಕಾಪಾಡಿಕೊಂಡು ಬಂದಿರುತ್ತಾರೆ. ಹೆಣ್ಣುಮಗುವಿನ ಮುಂಗೈ ಮೇಲೆ ತಾಯಿ ಬೆರಳಾಡಿಸಿ ಅದನ್ನು ಕಲಿಸುತ್ತಾಳೆ. ಮಣಿಕಟ್ಟಿನ ಬಳಿ ಒತ್ತಿದರೆ ಕೆಳಗಿನ ಸ್ವರ, ಮೊಳಕೈ ಕಡೆಗೆ ಹೋದಷ್ಟೂ ಮೇಲಿನ ಸ್ವರ. ಬಾಯಿಂದ ಚಕಾರ ಎತ್ತುವಂತಿಲ್ಲ. ಮದುವೆಗೆ ಮುಂಚೆ ಹುಡುಗಿ ಹಾಗೆಯೇ ಓಲಗದವರ ಮುಂಗೈ ಮೇಲೆ ಅದನ್ನು ಒಪ್ಪಿಸುತ್ತಾಳೆ. ಅಜ್ಜಿಯಿಂದ ಮೊಮ್ಮಗಳವರೆಗೆ ಬಂದ ಧಾಟಿ ಮೊದಲ ಸಲ ಕಿವಿಗೆ ಬೀಳುವುದು ಮಂಟಪದಲ್ಲಿ, ಕೊನೆಯ ಸಲವೂ ಅಲ್ಲೇ.

ಹಾಡಿಲ್ಲದೆ ನಾನು ಬದುಕಿದ್ದು ಹೀಗೆ. ಬೇಸರವೇನೂ ಇರಲಿಲ್ಲ. ಕಿವಿ ಮಂದವಾಗುತ್ತ ಬಂದಾಗಲೂ, ಇಲ್ಲಿ ಕೇಳುವುದಕ್ಕೆ ಅಂಥದ್ದೇನಿದೆ ಎಂದು ಸುಮ್ಮನಿದ್ದೆ. ಕುಕ್ಕರಿನ ಸೀಟಿ ಲೆಕ್ಕ ತಪ್ಪಿ ಬೇಳೆ ಎರಡು ಮೂರು ಸಲ ಸೀದ ಮೇಲೆ ಪಕ್ಕದ ಮನೆಯ ವಾರಿಜಾ ನನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಳು.

ಅಲ್ಲಿ ಕಿವಿ ಪರೀಕ್ಷೆ ಮಾಡಲು ತನುಜಾ ಎಂಬವಳು ಹೊಸದಾಗಿ ಬಂದಿದ್ದಳು. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ನಗುವಾಗ ಮೂಗು ಮೊದಲು ನಗುವ ಮುಖ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟಳು. ಸದ್ದು ಕೇಳಿಸಿದರೆ ಒತ್ತಬೇಕಂತೆ. ಬಾಗಿಲು ಮುಚ್ಚಿತು. ದೂರದಲ್ಲೆಲ್ಲೋ ಒಂದು ಸ್ವರ ಹುಟ್ಟಿತು. ದುಂಡಗೆ, ನಯವಾಗಿ, ಸುತ್ತ ಏನೂ ಅಂಟಿಕೊಳ್ಳದ ಸ್ವರ. ಅದು ಹೋಗಿ ಇನ್ನೊಂದು ಬಂತು. ನಾನು ಕಣ್ಣು ಮುಚ್ಚಿ ಕೂತೇ ಇದ್ದೆ.

ತನುಜಾ ಬಾಗಿಲು ತೆರೆದಳು. "ಅಮ್ಮಾ, ಒಂದ್ಸಲಾನೂ ಬಟನ್ ಒತ್ತಲೇ ಇಲ್ವಲ್ಲ. ಏನೂ ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಮ್ಮ. ಚೆನ್ನಾಗೇ ಕೇಳಿಸ್ತು."

"ಮತ್ತೆ?"

"ಒತ್ತಿದ್ರೆ ನಿಂತುಹೋಗತ್ತಲ್ಲ! ಅದು ಎಲ್ಲಿಗೆ ಹೋಗತ್ತೋ ನೋಡೋಣ ಅಂತ ಕಾಯ್ತಿದ್ದೆ."

ಹೊರಗೆ ಕೂತಿದ್ದ ವಾರಿಜಾ ಹಣೆ ಚಚ್ಚಿಕೊಂಡಳು. "ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಕುಮುದಕ್ಕ ಹಿಂಗೇನೆ. ಬಸ್ಸಿಗೆ ಕಾಯ್ತಾ ನಿಂತು, ಬಸ್ಸು ಬಂದ್ರೆ ಹತ್ತದೆ ಅದನ್ನ ನೋಡ್ಕೊಂಡು ನಿಲ್ಲೋರು."

ತನುಜಾ ನಗಲಿಲ್ಲ. ಹೊರಗೆ ಬೇರೆ ಯಾರೂ ಕಾಯುತ್ತಿಲ್ಲವೆಂದು ಖಚಿತ ಮಾಡಿಕೊಂಡು, ತನ್ನ ಚೀಲದಿಂದ ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದು ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿದಳು. "ಇದು ಪರೀಕ್ಷೆ ಅಲ್ಲ. ನಾನು ಮಾಡಿದ್ದು. ಸುಮ್ನೆ ಕೂತು ಕೇಳಿ" ಎಂದಳು.

ಮೊದಲು ಏನೂ ಇರಲಿಲ್ಲ. ಆಮೇಲೆ, ಯಾವ ಕ್ಷಣದಲ್ಲಿ ಬೆಳಗಾಯಿತೆಂದು ಹೇಳಲಾಗದ ಹಾಗೆ, ಒಂದು ಸದ್ದು ಅಲ್ಲಿ ಇತ್ತು. ಅದರೊಳಗೆ ಇನ್ನೊಂದು. ಅವು ಎಲ್ಲಿಗೂ ಹೋಗುತ್ತಿರಲಿಲ್ಲ. ನೀರಿನ ತೊಟ್ಟಿಯ ಮೇಲೆ ಬಿಸಿಲು ಅಲ್ಲಾಡುವಂತೆ ಇದ್ದಲ್ಲೇ ಅಲ್ಲಾಡುತ್ತಿದ್ದವು. ಸದ್ದು ಕ್ರಮೇಣ ತೆಳುವಾಗಿ ಇಲ್ಲವಾಯಿತು. ನಾನು ಸಭ್ಯತೆಗೆ ಇನ್ನೂ ಸ್ವಲ್ಪ ಕಾದು ಕೇಳಿದೆ: "ಹಾಡು ಯಾವಾಗ ಶುರುವಾಗತ್ತಮ್ಮ?"

"ಮುಗೀತಮ್ಮ" ಎಂದಳು ತನುಜಾ. ಈಗ ಅವಳ ಮೂಗು ನಕ್ಕಿತು.

ಇಷ್ಟವಾಯಿತು ಎಂದರೆ ಸುಳ್ಳಾದೀತು. ಆದರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ ಮೊದಲ ಸಲ ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ದಿನ ನನಗೆ ಹೀಗೆಯೇ ಆಗಿತ್ತು. ಅವತ್ತು ಮನೆಗೆ ಬಂದು, ಅಮ್ಮ ಸಾರಿಗೆ ಈರುಳ್ಳಿ ಹೆಚ್ಚು ಅಂದರೆ, ಕೈ ಬಾರದೆ ಅದನ್ನೇ ನೋಡುತ್ತ ಕೂತಿದ್ದೆ. ಈಗ ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ದಾರಿಯ ಸದ್ದುಗಳೆಲ್ಲ ಹಾಗಾಗಿದ್ದವು. ಗಿರಣಿಯ ಬೆಲ್ಟಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಇಸ್ತ್ರಿಯವನು ಪೆಟ್ಟಿಗೆಯನ್ನು ಒರಗಿಸಿ ಇಡುವಾಗ ಬರುವ ಠಣ್ ಎಂಬ ಸದ್ದಿಗೆ ಉದ್ದನೆಯ ಬಾಲವಿತ್ತು. "ಯಾಕೆ ನಿಂತ್ರಿ?" ಎಂದು ವಾರಿಜಾ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು.

ತನುಜಾಗೆ ಬಾಡಿಗೆಗೆ ಕೋಣೆ ಬೇಕಿತ್ತು, ನನ್ನ ಮನೆಯ ಮಹಡಿ ಖಾಲಿ ಇತ್ತು. ಅವಳು ಎರಡು ಸೂಟ್‌ಕೇಸು ಬಟ್ಟೆಯ ಜೊತೆಗೆ ತಂತಿ, ಗುಂಡಿ, ದೀಪಗಳಿದ್ದ ಸಾಮಾನುಗಳನ್ನೂ ದೊಡ್ಡ ಸ್ಪೀಕರುಗಳನ್ನೂ ತಂದಳು. ಒಂದು ಸ್ವರ ಹುಟ್ಟಿಸುವ ಸಿಂಥಸೈಜರಂತೆ, ಒಂದು ಸದ್ದನ್ನು ಹಿಡಿದಿಡುವುದಂತೆ, ಇನ್ನೊಂದು ಹಿಡಿದಿಟ್ಟದ್ದನ್ನು ತಿರುಗಿಸಿ ತಿರುಗಿಸಿ ನುಡಿಸುವುದಂತೆ. ಬಂದ ಮೊದಲ ವಾರ ಮೇಲಿನಿಂದ ಒಂದು ಸಾಲು ಸದ್ದು ಕೇಳಿಸುವುದು, ತಟ್ಟನೆ ನಿಲ್ಲುವುದು, ಆಮೇಲೆ ತನುಜಾಳ "ಅಯ್ಯೋ!" ಕೇಳಿಸುವುದು. ಕಾಫಿ ಕೊಡಲು ಹೋದಾಗ ತಲೆಗೆ ಕೈಹೊತ್ತು ಕೂತಿದ್ದಳು.

"ನಿಮ್ಮೂರು ನನ್ನ ಲೂಪನ್ನೆಲ್ಲ ನುಂಗ್ತಿದೆ ಅಮ್ಮ. ಮೊದಲ್ನೇ ಸುತ್ತು ಬರತ್ತೆ. ಎರಡನೇ ಸುತ್ತಿಗೆ ಸದ್ದೇ ಇಲ್ಲ!"

"ಧಾಟಿ ಆದ್ರೆ ಬರಲ್ಲಮ್ಮ. ಇದು ಗೊತ್ತಿದ್ದೂ ಈ ಊರಿಗೆ ಯಾಕೆ ಬಂದೆ?"

"ಗೊತ್ತಿದ್ದೇ ಬಂದಿದ್ದು" ಎಂದು ಕಾಫಿ ಊದಿದಳು. "ಬೇರೆ ಕಡೆ ಒಂದೇ ತುಣುಕನ್ನ ಸಾವಿರ ಸಲ ತಿರುಗಿಸಬಹುದು. ತಿರುಗಿಸಿ ತಿರುಗಿಸಿ ನಾನೇ ಸೋಮಾರಿ ಆಗಿಬಿಟ್ಟಿದ್ದೆ."

ಅವಳು ಕಂಡುಕೊಂಡ ದಾರಿ ನನಗೆ ಅರ್ಥವಾದದ್ದು ನಮ್ಮ ಬೀದಿಯ ನಲ್ಲಿಯಿಂದ. ಅಲ್ಲಿಗೆ ವಾರಿಜಾ ತನ್ನ ಪಾಡಿಗೆ ಬರುತ್ತಾಳೆ, ಇಸ್ತ್ರಿಯವನು ತನ್ನ ಪಾಡಿಗೆ, ನಾನು ನನ್ನ ಪಾಡಿಗೆ. ಒಂದು ದಿನ ಮೂವರೂ ಸೇರಿದರೆ ಹರಟೆ. ಇಬ್ಬರು ಸೇರಿದರೆ ಬೇರೆ ಹರಟೆ. ಜನ ಅವರೇ, ನಲ್ಲಿ ಅದೇ, ಹರಟೆ ಮಾತ್ರ ಯಾವತ್ತೂ ಅದೇ ಅಲ್ಲ. ತನುಜಾ ಹಾಗೆ ಒಂದೊಂದೇ ಸ್ವರವನ್ನು ಬೇರೆ ಬೇರೆ ಅಳತೆಯ ಸುತ್ತಿಗೆ ಬಿಟ್ಟಳು. ಒಂಟಿ ಸ್ವರಕ್ಕೆ ಊರಿನ ಕಟ್ಟಳೆ ಇಲ್ಲವಲ್ಲ. ಅವು ತಮ್ಮತಮ್ಮ ಪಾಡಿಗೆ ಸುತ್ತುತ್ತ, ಎಲ್ಲೋ ಒಂದು ಕಡೆ ಸಂಧಿಸಿ, ಕ್ಷಣಮಾತ್ರ ಧಾಟಿಯಾಗಿ, ಬೇರ್ಪಟ್ಟು, ಮುಂದಿನ ಸಲ ಬೇರೆಯೇ ರೀತಿಯಲ್ಲಿ ಸಂಧಿಸುತ್ತಿದ್ದವು. ಅದು ನಿಲ್ಲಲೇ ಇಲ್ಲ. ಕೆಳಗೆ ನಾನು ಬೇಳೆ ತೊಳೆಯುತ್ತಿದ್ದವಳು ಹಾಗೇ ನಿಂತೆ. ಈ ಮನೆಯಲ್ಲಿ ಅತ್ತೆಯ ಕಾಲದ ನಂತರ ಅಷ್ಟು ಹೊತ್ತು ಸಂಗೀತ ಕೇಳಿದ್ದು ಅದೇ ಮೊದಲು.

ಆಮೇಲೆ ಸಂಜೆ ಅವಳು ಆಸ್ಪತ್ರೆಯಿಂದ ಬಂದೊಡನೆ ನಾನು ಮೆಟ್ಟಿಲು ಹತ್ತುವುದು ರೂಢಿಯಾಯಿತು. ಸೂಕ್ಷ್ಮವಾದ ಮೇಲಿನ ಸದ್ದುಗಳು ನನ್ನ ಕಿವಿಗೆ ಹತ್ತುವುದಿಲ್ಲ. ನಾನು ಅದನ್ನು ಹೇಳಿರಲಿಲ್ಲ. ಪರೀಕ್ಷೆಯ ಕಾಗದದಲ್ಲಿ ಅವಳು ನೋಡಿಕೊಂಡಿದ್ದಳು. ಒಂದು ದಿನ ನಾನು ಕೂರುವ ಹಳೆಯ ಬೆಂಚಿನ ಕಾಲಿಗೆ ಸ್ಪೀಕರನ್ನು ಒರಗಿಸಿಟ್ಟು, "ಹಲಗೆ ಮೇಲೆ ಕೈ ಇಡಿ. ಇದು ನಿಮ್ಮ ಅಳತೆಗೆ ಹೊಲಿದಿದ್ದು" ಎಂದಳು. ಕಿವಿಗೆ ಬಾರದ್ದು ಅಂಗೈಗೆ ಬಂತು. ನನ್ನ ಉಸಿರಿಗಿಂತ ನಿಧಾನವಾದ ಒಂದು ಅಲೆ. ಮರುದಿನ ಅವಳಿಗೆಂದು ಒತ್ತುಶ್ಯಾವಿಗೆ ಮಾಡಿದೆ.

ಎಲ್ಲವೂ ಇಂಥ ನಿಧಾನದ್ದೇ ಅಲ್ಲ. ಕೆಲವುಗಳಲ್ಲಿ ತಾಳವಿತ್ತು. ತಾಳವೆಂದರೆ, ಅಕ್ಕಿ ಚೆಲ್ಲಿದ ಹಾಗೆ, ಚೆಲ್ಲಿದ ಅಕ್ಕಿ ತಾನೇ ಎದ್ದು ರಂಗೋಲಿಯಾದ ಹಾಗೆ. ಕಾಲು ತಟ್ಟಲು ಹೋದರೆ ತಪ್ಪಿಸಿಕೊಳ್ಳುತ್ತಿತ್ತು. "ಹೊರಗಡೆ ಇದಕ್ಕೆ ಬುದ್ಧಿವಂತರ ಕುಣಿತದ ಸಂಗೀತ ಅಂತ ಹೆಸರು" ಎಂದಳು ತನುಜಾ, ಸ್ವಲ್ಪ ನಾಚಿಕೊಂಡು.

"ಹಾಗಾದ್ರೆ ಇಷ್ಟು ದಿನ ನಾವು ಕುಣಿದಿದ್ದೆಲ್ಲ ದಡ್ಡರ ಕುಣಿತವಾ?"

"ಹೆಸರಿಟ್ಟೋಳು ನಾನಲ್ಲಮ್ಮ!"

"ಕುಣಿಯೋದು ಹೇಗೆ ಇದಕ್ಕೆ? ಕಾಲಿಗೆ ಸಿಗ್ತಾನೇ ಇಲ್ಲ."

"ತಲೆ ಒಳಗೆ ಕುಣೀಬೇಕಂತೆ."

"ಒಳ್ಳೇದೇ ಆಯ್ತು. ನನ್ನ ಮಂಡಿಗೂ ಅದೇ ಅನುಕೂಲ" ಎಂದೆ. ಆದರೆ ತಲೆಯಲ್ಲಿ ಶುರುವಾದದ್ದು ಸ್ವಲ್ಪ ಹೊತ್ತಿಗೆ ಭುಜಕ್ಕೆ ಇಳಿದಿತ್ತು.

ಆ ದಿನಗಳಲ್ಲೇ ವಾರಿಜಾಳ ಮಗಳು ದಮಯಂತಿಯ, ನಮ್ಮ ದಮಿಯ, ಮದುವೆ ಗೊತ್ತಾಯಿತು. ವಾರಿಜಾ ಬೀದಿಗೆಲ್ಲ ರವಿಕೆ ಹೊಲಿದುಕೊಡುವವಳು. ಒಬ್ಬಳೇ ಮಗಳನ್ನು ಸಾಕಿದ್ದಳು. ಹುಡುಗ ಮಧುಕರ, ಪೇಟೆಯಲ್ಲಿ ಬೀಜದಂಗಡಿ. ಅವನನ್ನು ಬೆಳೆಸಿದ್ದು ಸೋದರತ್ತೆ ಪುಟ್ಟತಾಯಮ್ಮ. ದಮಿ ಮತ್ತು ಮಧುಕರ ಒಬ್ಬರನ್ನೊಬ್ಬರು ಮೆಚ್ಚಿದ್ದು ಬೀದಿಗೆಲ್ಲ ಗೊತ್ತಿತ್ತು. ನಮಗೆ ಗೊತ್ತಿಲ್ಲವೆಂದು ಅವರಿಬ್ಬರು ಮಾತ್ರ ತಿಳಿದಿದ್ದರು.

ಮದುವೆಗೆ ವಾರವಿದ್ದಾಗ ಒಂದು ಬೆಳಿಗ್ಗೆ ದಮಿ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಮಧುಕರ ಅಂಗಡಿಗೆ ಹೋಗುವ ದಾರಿ ಅದಲ್ಲ. ಆದರೂ ಆ ದಾರಿಯಲ್ಲೇ ಬಂದು, ಬೇಲಿಯಾಚೆ ಸೈಕಲ್ ಬೆಲ್ಲನ್ನು ಟ್ರಿಣ್ ಅನ್ನಿಸಿ, ತಿರುಗಿ ನೋಡದೆ ಹೋದ. ದಮಿ ಒದ್ದೆ ಲಂಗ ಹಿಡಿದು ನಿಂತು ನಕ್ಕಳು. ನಗುತ್ತ ನಗುತ್ತ ಅವಳ ಬಾಯಿಂದ ಏನೋ ಹೊರಟಿತು. ಮೂಗಿನಲ್ಲೇ ಗುನುಗಿದ್ದು. ಹರಿವ ನೀರಿನಂಥ ಚೆಂದದ ಧಾಟಿ. ಹಿತ್ತಿಲ ಬಾಗಿಲಲ್ಲಿದ್ದ ನನಗೆ ಅದು ಅವಳ ಮದುವೆಗೆ ಕಾದಿಟ್ಟ ಧಾಟಿಯೆಂದು ಹೊಳೆದಾಗ ತಡವಾಗಿತ್ತು. ಹಾಲು ತಂದಿದ್ದ ಸಿದ್ದಮ್ಮ ಕ್ಯಾನನ್ನು ನೆಲಕ್ಕಿಟ್ಟು, ಕಣ್ಣು ಮುಚ್ಚಿ, ಎರಡೂ ಕಿವಿಗೆ ಕೈ ಒತ್ತಿಕೊಂಡಳು. ಯಾರೂ ಕೇಳದಿದ್ದರೆ ಖರ್ಚಾಗಲಿಕ್ಕಿಲ್ಲ ಎಂದು ಅವಳ ಆಸೆ. ಅವಳನ್ನು ನೋಡಿ ನಾನೂ ಮುಚ್ಚಿಕೊಂಡೆ.

ದಮಿ ನಮ್ಮಿಬ್ಬರನ್ನು ನೋಡಿದಳು. ಬಾಯಿಗೆ ಲಂಗ ಅಡ್ಡ ಹಿಡಿದಳು. ಆಮೇಲೆ ಮತ್ತೆ ಗುನುಗಲು ನೋಡಿದಳು. ಬರೀ ಉಸಿರು ಬಂತು.

ಓಲಗದ ತಿರುಮಲಯ್ಯನನ್ನು ಕರೆಸಿದರು. ಒಳ್ಳೆಯ ಮನುಷ್ಯ. ಬೈಯಲಿಲ್ಲ. ಹೊಸ ಧಾಟಿ ಕಟ್ಟಲು ಜಗಲಿಯ ಮೇಲೆ ಕೂತು ಮಧ್ಯಾಹ್ನದವರೆಗೆ ಊದಿದ. ಆದರೆ ಇದು ಹಳೆಯ ಊರು, ಎಷ್ಟೋ ತಲೆಮಾರಿನ ಮದುವೆಗಳಾಗಿವೆ. ಅವನು ಹೊಸದೆಂದು ಊದಿದ್ದೆಲ್ಲ ಯಾರದೋ ಮಂಟಪದಲ್ಲಿ ಎಂದೋ ಮುಗಿದದ್ದೇ ಆಗಿರುತ್ತಿತ್ತು. ಬುಸ್, ಬುಸ್ ಎಂದು ಗಾಳಿ ಬರುತ್ತಿತ್ತು. ಪಕ್ಕದಲ್ಲಿ ಅವನ ತಮ್ಮ ಕೆಂಪಯ್ಯ ಒತ್ತು ಹಿಡಿದು ಕೂತಿದ್ದ. ಒತ್ತು ಎಂದರೆ ಶ್ರುತಿಗೆಂದು ಒಂದೇ ಸ್ವರವನ್ನು ಬಿಡದೆ ಊದುವ ಉದ್ದನೆಯ ವಾದ್ಯ. ಅಣ್ಣನ ಗಾಳಿಯ ಪಕ್ಕದಲ್ಲಿ ತಮ್ಮನ ಆ ಸ್ವರ ಒಂದೇ ಸಮನೆ ನುಡಿಯುತ್ತಿತ್ತು. ಯಾರೂ ಅದನ್ನು ಕೇಳುತ್ತಿರಲಿಲ್ಲ. ಅದು ಇರುವುದೇ ಹಾಗೆ.

ಸುದ್ದಿ ಮುಟ್ಟಿ ಪುಟ್ಟತಾಯಮ್ಮ ಬಂದರು. ಕೊಟ್ಟ ನೀರನ್ನು ಮುಟ್ಟಲಿಲ್ಲ. "ಒಂದು ಧಾಟಿ ಕಾಯಕ್ಕಾಗದ ಮನೆಯವ್ರು ಇನ್ನೇನ್ ಕಾದಾರು? ಮುಂದಿನ ಮುಹೂರ್ತ, ಅದರ ಮುಂದಿನ ಮುಹೂರ್ತ ಅಂತ ನಾನಂತೂ ಕೂರಲ್ಲ ಕಣಮ್ಮ. ಅವತ್ತು ಮಂಟಪದಲ್ಲಿ ಧಾಟಿ ನುಡಿದು, ತಿರುಮಲಯ್ಯ ಕೈ ಎತ್ತಿದ್ರೆ ತಾಳಿ. ಇಲ್ದಿದ್ರೆ ಹುಡುಗನ್ನ ಎಬ್ಬಿಸ್ಕೊಂಡು ಹೋಗ್ತೀನಿ. ಬೇರೆ ಮನೆ ಇದೆ."

"ಅತ್ತೆ, ಬೆಲ್ ಹೊಡೆದಿದ್ದು ನಾನೇ" ಎಂದ ಹಿಂದೆ ನಿಂತಿದ್ದ ಮಧುಕರ.

"ನೀನು ಬಾಯ್ಮುಚ್ಚು. ನಿನ್ನ ಬೆಲ್ಲನ್ನ ಆಮೇಲೆ ವಿಚಾರಿಸ್ಕೋತೀನಿ."

ಅವರು ಹೋದ ಮೇಲೆ ವಾರಿಜಾ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತ ದಮಿಗೆ ಹೇಳಿದೆ: "ನನ್ನ ಮಹಡಿಗೆ ಬಾ."

ತನುಜಾ ಹೆದರಿದಳು. "ಅಮ್ಮಾ, ನೀವೊಬ್ರು ಬಿಟ್ರೆ ಈ ಊರಲ್ಲಿ ಇದನ್ನ ಕೇಳಿದೋರೇ ಇಲ್ಲ. ಮದುವೆ ಮುರಿದ್ರೆ?"

"ಹುಡುಗಿ ಕೇಳ್ಲಿ. ಅವಳ ಮದುವೆ, ಅವಳೇ ಹೇಳ್ಲಿ."

ದಮಿ ಬೆಂಚಿನ ತುದಿಯಲ್ಲಿ ಕೂತಳು. ಮೊದಲು ಬಳೆ ತಿರುಗಿಸಿದಳು, ಆಮೇಲೆ ಸೀಲಿಂಗ್ ನೋಡಿದಳು, "ಅಜ್ಜಿ, ಮಿಷನ್ ಕೆಟ್ಟಿದ್ಯಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಅವಳ ಅಂಗೈಯನ್ನು ಹಲಗೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಬಳೆ ಸುಮ್ಮನಾಯಿತು. ತನುಜಾ ಹಿಂದೊಂದು ಸಂಜೆ ಕಿಟಕಿಯಿಂದ ಹಿಡಿದಿಟ್ಟಿದ್ದ ಸದ್ದೊಂದು ಮೆಲ್ಲಗೆ ಒಳಗೆ ಬಂತು. ಟಡಕ್ ಟಡಕ್ ಟಡಕ್, ಆಮೇಲೆ ಒಂದು ನಿಲುಗಡೆ. ದಮಿ ತಟ್ಟನೆ ತಲೆ ಎತ್ತಿದಳು. "ಅಮ್ಮನ ಮಿಷನ್ ಇದು! ಈಗ ನೂಲು ಕಚ್ತಾಳೆ ನೋಡಿ." ನೂಲು ಕಚ್ಚಿದ ಸದ್ದೂ ಅಲ್ಲಿತ್ತು. ದಮಿ ಕಣ್ಣೊರೆಸಿಕೊಂಡು ನಕ್ಕಳು. "ಅಕ್ಕಾ, ಇದೇ ಇರ್ಲಿ. ಆದ್ರೆ ಅವರ ಸೈಕಲ್ ಬೆಲ್ಲೂ ಇರ್ಬೇಕು."

ಅಲ್ಲಿಂದ ನಮ್ಮ ಬೀದಿಗೆ ಹಬ್ಬ ಹಿಡಿಯಿತು. ತನುಜಾ ಕೈಯಲ್ಲಿ ಮೈಕು ಹಿಡಿದು ಮನೆಯಿಂದ ಮನೆಗೆ ಹೋದಳು. ಬೆಳಿಗ್ಗೆ ಅಂಗಳಕ್ಕೆ ನೀರು ಚೆಲ್ಲುವುದು, ಕೊಳಗದಲ್ಲಿ ನೀರು ತುಂಬುತ್ತ ತುಂಬುತ್ತ ಸಣ್ಣಗಾಗುವ ಸದ್ದು, ಇಸ್ತ್ರಿ ಪೆಟ್ಟಿಗೆಯ ಠಣ್. ಸಿದ್ದಮ್ಮ ತನ್ನ ಹಾಲಿನ ಕ್ಯಾನಿನ ಮುಚ್ಚಳವನ್ನು ಹಿಂದಿನ ದಿನವೇ ಹುಣಸೆಹಣ್ಣು ಹಚ್ಚಿ ಉಜ್ಜಿಟ್ಟಿದ್ದಳು. "ಸದ್ದಿಗೆ ಯಾಕೆ ಸಿದ್ದಮ್ಮ ಹೊಳಪು?" ಎಂದರೆ, "ಮದ್ವೆಗೆ ಬರೋ ಸದ್ದಲ್ವಾ, ಸುಮ್ಕಿರಿ" ಎಂದಳು. ಮಧುಕರ ಅತ್ತೆಗೆ ತಿಳಿಯದಂತೆ ಬಂದು ಬೆಲ್ ಹೊಡೆದು ಕೊಟ್ಟು ಹೋದ. ಒಂದು ಸಲ ಸಾಕಿತ್ತು, ಅವನು ಬೀದಿಯ ಕೊನೆಯವರೆಗೂ ಹೊಡೆಯುತ್ತಲೇ ಹೋದ.

ಕೊನೆಗೆ ತನುಜಾ ಕೆಂಪಯ್ಯನ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಅವನಿಗೆ ನಂಬಿಕೆಯೇ ಬರಲಿಲ್ಲ. "ಅಣ್ಣ ಪೇಟೆಗೆ ಹೋಗವ್ನೆ, ಸಂಜೆಗೆ ಬರ್ತಾನೆ" ಎಂದ.

"ಅಣ್ಣ ಬೇಡ. ನಿಮ್ಮದೇ ಬೇಕು" ಎಂದಳು ತನುಜಾ.

"ನಂದಾ? ನಂದೇನೈತೆ ತಾಯಿ, ಒಂದೇ ಸ್ವರ. ಅಲ್ಲೇ ನಿಂತಿರ್ತದೆ."

"ಅದಕ್ಕೇ ಬೇಕು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಲ್ಲತ್ತೆ."

ಕೆಂಪಯ್ಯ ಒಳಗೆ ಹೋಗಿ ಅಂಗಿ ಬದಲಿಸಿ ಬಂದ. ಗಾಳಿ ಎಲ್ಲೂ ಕಡಿಯದಂತೆ ಕೆನ್ನೆಯುಬ್ಬಿಸಿ, ಕಣ್ಣು ಮುಚ್ಚಿ ಊದಿದ. ಇಷ್ಟು ವರ್ಷ ಎಷ್ಟೋ ಮದುವೆಯಲ್ಲಿ ಅವನೆದುರು ಕೂತಿದ್ದೇನೆ. ಆ ಒಂದು ಸ್ವರದೊಳಗೆ ಇಷ್ಟೊಂದು ಬಣ್ಣಗಳಿವೆಯೆಂದು ನನಗೆ ತಿಳಿದಿರಲಿಲ್ಲ. ಅದರ ಮೇಲೆ ಏನೋ ಬರುತ್ತದೆಂದು ಕಾಯುತ್ತ ನಾವು ಅದನ್ನೇ ಕೇಳದೆ ಉಳಿದಿದ್ದೆವು.

ತಿರುಮಲಯ್ಯನಿಗೆ ನಾನೇ ಹೋಗಿ ವಿಷಯ ತಿಳಿಸಿದೆ. ಅವನು ಕೈಮುಗಿದ. "ಕುಮುದಮ್ಮಾರೇ, ಹುಡುಗಿ ನನ್ನ ಮಗಳಿದ್ದಂಗೆ. ಆದ್ರೂ ಸುಳ್ಳು ಕೈ ಎತ್ತಕ್ಕಾಗಲ್ಲ. ಧಾಟಿ ಅಂತ ನನ್ನ ಕಿವಿಗೆ ಅನ್ನಿಸ್ಬೇಕು. ಅನ್ನಿಸಿದ್ರೆ ಎತ್ತುತೀನಿ." ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ.

ಮದುವೆಯ ದಿನ ಛತ್ರ ತುಂಬಿತ್ತು. ಮಂಟಪದ ಎರಡು ಕಡೆ ಬಾಳೆಕಂದು, ಅವುಗಳ ಬುಡದಲ್ಲಿ ತನುಜಾಳ ಸ್ಪೀಕರುಗಳು. ಯಾರೋ ಪುಣ್ಯಾತ್ಮರು ಅವಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ತನುಜಾ ರೇಷ್ಮೆ ಸೀರೆಯುಟ್ಟು, ಸೆರಗನ್ನು ತಂತಿಗಳಿಗೆ ಸಿಕ್ಕದಂತೆ ಸೊಂಟಕ್ಕೆ ಬಿಗಿದು ಕೂತಿದ್ದಳು. ಪುಟ್ಟತಾಯಮ್ಮ ಮುಂದಿನ ಸಾಲಿನಲ್ಲಿ, ಏಳಲು ಅನುಕೂಲವಾಗುವಂತೆ ಕುರ್ಚಿಯ ತುದಿಯಲ್ಲಿ. ತಿರುಮಲಯ್ಯ ಓಲಗವನ್ನು ತೊಡೆಯ ಮೇಲಿಟ್ಟು, ಕೈಕಟ್ಟಿ ಕೂತಿದ್ದ. ಪಕ್ಕದಲ್ಲಿ ಕೆಂಪಯ್ಯ ಒತ್ತನ್ನು ಮಡಿಲಲ್ಲಿ ಮಗುವಿನಂತೆ ಹಿಡಿದಿದ್ದ.

ಮುಹೂರ್ತ ಬಂತು. ಪುರೋಹಿತರು ತನುಜಾಳ ಕಡೆ ನೋಡಿದರು. ಅವಳು ಒಂದು ಗುಂಡಿ ತಿರುಗಿಸಿದಳು.

ಮೊದಲು ಏನೂ ಇರಲಿಲ್ಲ. ಜನ ಕಾದರು. ಆಮೇಲೆ ಸದ್ದು ಇತ್ತು, ಆದರೆ ಜನ ಇನ್ನೂ ಕಾಯುತ್ತಲೇ ಇದ್ದರು. "ಕರೆಂಟ್ ಬಂದಿದ್ಯೇನ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು. ಪುಟ್ಟತಾಯಮ್ಮ ಗಟ್ಟಿಯಾಗಿಯೇ ಕೇಳಿದರು, "ಹಾಡು ಯಾವಾಗ ಶುರು?" ಮಧುಕರ ಎರಡೂ ಕೈಯಲ್ಲಿ ತಾಳಿ ಹಿಡಿದು ನಿಂತಿದ್ದ. ದಮಿ ಅವನ ಮುಖ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಕುರ್ಚಿಯಿಂದ ಎದ್ದು, ಮೊಣಕಾಲು ನೋವನ್ನು ಲೆಕ್ಕಿಸದೆ ಮಂಟಪದ ಮೆಟ್ಟಿಲ ಮೇಲೆ ಕೂತು, ಹಲಗೆಗೆ ಅಂಗೈ ಒತ್ತಿದೆ. ಅದನ್ನು ನೋಡಿ ಸಿದ್ದಮ್ಮ ಬಂದು ಪಕ್ಕದಲ್ಲಿ ಕೂತು ಹಾಗೆಯೇ ಮಾಡಿದಳು. ಆಮೇಲೆ ಇಸ್ತ್ರಿಯವನ ಹೆಂಡತಿ. ಆಮೇಲೆ ನಮ್ಮ ಬೀದಿಯ ಎಲ್ಲರೂ.

ನೀರು ತುಂಬುವ ಸದ್ದು ಬಂತು. ವಾರಿಜಾಳ ಯಂತ್ರ ಮೆಲ್ಲಗೆ ನಡೆಯಿತು, ನಿಂತಿತು, ನೂಲು ಕಚ್ಚಿತು. "ನಮ್ಮ ಕ್ಯಾನು!" ಎಂದಳು ಸಿದ್ದಮ್ಮ, ತಡೆಯಲಾರದೆ. ಅಲ್ಲಲ್ಲಿ ನಗು ಎದ್ದಿತು. ಅದರ ನಡುವೆ ಎಲ್ಲಕ್ಕೂ ಅಡಿಯಲ್ಲಿ, ಮೊದಲಿನಿಂದಲೂ ಇದ್ದದ್ದು ಈಗ ಕೇಳಿಸತೊಡಗಿತು. ತಿರುಮಲಯ್ಯ ಕಟ್ಟಿದ ಕೈ ಬಿಟ್ಟ. ಕತ್ತು ವಾಲಿಸಿದ. ಪಕ್ಕಕ್ಕೆ ತಿರುಗಿ ತಮ್ಮನನ್ನು ನೋಡಿದ. ಕೆಂಪಯ್ಯನ ಒತ್ತು ಮಡಿಲಲ್ಲೇ ಇತ್ತು, ಬಾಯಿ ಮುಚ್ಚಿತ್ತು.

"ಇದು ನಿಂದೇನ್ಲಾ?" ಎಂದ ತಿರುಮಲಯ್ಯ.

ಕೆಂಪಯ್ಯ ತಲೆ ತಗ್ಗಿಸಿದ. "ಹೂ ಕಣಣ್ಣ."

"ಯಾವಾಗ್ಲೂ ಹಿಂಗೇ ನುಡೀತಿತ್ತಾ?"

"ಯಾವಾಗ್ಲೂ ಹಿಂಗೇ."

ಒಂದೊಂದೇ ಸ್ವರಗಳು ಆ ನೆಲದ ಮೇಲೆ ಬಂದು ಕೂರುತ್ತಿದ್ದವು. ಒಂದು ಬಂತು, ಇನ್ನೊಂದು ಬಂತು, ಮೂರನೆಯದು ತಡಮಾಡಿತು. ಅಷ್ಟರಲ್ಲಿ ಎಲ್ಲಿಂದಲೋ ಟ್ರಿಣ್ ಎಂದು ಸೈಕಲ್ ಬೆಲ್. ದಮಿ ನಕ್ಕುಬಿಟ್ಟಳು. ಆ ಕ್ಷಣಕ್ಕೇ ಸ್ವರಗಳೆಲ್ಲ ಒಂದು ಕಡೆ ಸೇರಿದವು. ಛತ್ರದಲ್ಲಿದ್ದ ಪ್ರತಿಯೊಬ್ಬರಿಗೂ, ಕಿವಿ ಮಂದವಾದ ನನಗೂ, ಅದು ಧಾಟಿಯೆಂದು ಗೊತ್ತಾಯಿತು. ತಿರುಮಲಯ್ಯ ಎದ್ದು ನಿಂತಿದ್ದ. ಅವನ ಕೈ ಮೇಲಿತ್ತು. "ಗಟ್ಟಿಮೇಳ! ಗಟ್ಟಿಮೇಳ!"

ಮಧುಕರ ತಾಳಿ ಕಟ್ಟಿದ. ಅಕ್ಷತೆ ಬಿದ್ದಿತು. ಡೋಲಿನವನು ಬಾರಿಸಲು ಹೋಗಿ ತಬ್ಬಿಬ್ಬಾದ. ತನುಜಾಳ ತಾಳ ಅವನಿಗೆ ಸಿಕ್ಕುತ್ತಿರಲಿಲ್ಲ. ಅಟ್ಟಿಸಿಕೊಂಡು ಹೋದ, ತಪ್ಪಿಸಿಕೊಂಡಿತು, ಅಡ್ಡದಾರಿಯಲ್ಲಿ ಹೋಗಿ ಹಿಡಿದ, ಮತ್ತೆ ಜಾರಿತು. ಅವನು ನಗುತ್ತ ಬಾರಿಸತೊಡಗಿದ. ತಿರುಮಲಯ್ಯ ಓಲಗ ಎತ್ತಿ ತಮ್ಮನ ಸ್ವರದಲ್ಲೇ ಒಂದು ಸ್ವರ ಊದಿದ. ಅಷ್ಟೇ, ಒಂದೇ ಒಂದು, ಉದ್ದಕ್ಕೆ. ಮಕ್ಕಳು ಮುದುಕರೆಲ್ಲ ಕಾಲು ಎಲ್ಲಿಡಬೇಕೆಂದು ತಿಳಿಯದೆ ಎಲ್ಲೆಲ್ಲೋ ಇಟ್ಟು ಕುಣಿದರು. ನಾನು ತಲೆಯೊಳಗೆ ಕುಣಿಯುವವಳು, ಮೆಟ್ಟಿಲ ಮೇಲಿನಿಂದ ಎದ್ದು ವಾರಿಜಾಳ ಕೈ ಹಿಡಿದು ನೋಯುವ ಮಂಡಿಯಲ್ಲೇ 'ಬುದ್ಧಿವಂತರ ಕುಣಿತ' ಕುಣಿದೆ.

ಸದ್ದುಗಳು ಒಂದೊಂದಾಗಿ ಇಳಿದವು. ಕೊನೆಗೆ ಒತ್ತಿನ ಸ್ವರ ಮಾತ್ರ ಉಳಿದು, ಅದೂ ತೆಳುವಾಗಿ ಇಲ್ಲವಾಯಿತು. ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಿಂದ ಒಂದು ದನಿ ಬಂತು.

"ಇನ್ನೊಂದು ಸಲ."

ಎಲ್ಲರೂ ತಿರುಗಿದೆವು. ಪುಟ್ಟತಾಯಮ್ಮ ಎದ್ದು ನಿಂತಿದ್ದರು. ತಾವು ಆಡಿದ ಮಾತು ತಮ್ಮ ಕಿವಿಗೇ ಬಿದ್ದು, ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಅವರು ಇದೇ ಊರಿನಲ್ಲಿ ಹುಟ್ಟಿದವರು. ಬೇರೆ ಸಮಯದಲ್ಲಾಗಿದ್ದರೆ ನಾವೆಲ್ಲ ನೆಲ ನೋಡುತ್ತಿದ್ದೆವು. ಅವತ್ತು ಯಾರೂ ನೋಡಲಿಲ್ಲ. ವಾರಿಜಾ ಮಾತ್ರ ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟಳು. ಪುಟ್ಟತಾಯಮ್ಮ ಕುಡಿದರು.

"ಬರತ್ತಾ?" ಎಂದು ನಾನು ತನುಜಾಳನ್ನು ಪಿಸುಮಾತಿನಲ್ಲಿ ಕೇಳಿದೆ.

"ಅದೇ ಬರಲ್ಲಮ್ಮ" ಎಂದಳು. ಅವಳ ಮೂಗು ಆಗಲೇ ನಗುತ್ತಿತ್ತು. "ಆದ್ರೆ ಬರತ್ತೆ."

ಅವಳು ಗುಂಡಿ ತಿರುಗಿಸಿದಳು. ಇಡೀ ಛತ್ರ ಕೈಗಳನ್ನು ಕುರ್ಚಿಗೆ, ಕಂಬಕ್ಕೆ, ನೆಲಕ್ಕೆ ಒತ್ತಿ ಕಾಯಿತು. ಈ ಸಲ ಹಾಡು ಯಾವಾಗ ಶುರುವೆಂದು ಯಾರೂ ಕೇಳಲಿಲ್ಲ.